ಸೊಟ್ಟಗಾದ ಮುಖ ಸರಿಯಾಯಿತು, ರಕ್ತಪರೀಕ್ಷೆ ಏಕೆ?

ಬೆಳಿಗ್ಗೆ ಎದ್ದು ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದ ತರುಣನೊಬ್ಬನಿಗೆ ನೀರು ಬಾಯಲ್ಲಿ ನಿಲ್ಲುವುದೇ ಇಲ್ಲ. ತುಟಿಯ ಎಡ ಅಂಚಿನಿಂದ ಸುರಿದುಹೋಗುತ್ತದೆ. ಗಾಬರಿಯಿಂದ ಕನ್ನಡಿ ನೋಡಿದರೆ ಮುಖದ ಎಡ ಅರ್ಧ ಜೋತುಬಿದ್ದಿದೆ. ನಗಲು ಹೋದರೆ ಬಾಯಿ ಬಲಕ್ಕೆ ಎಳೆದುಕೊಳ್ಳುತ್ತದೆ. ಎಡಗಣ್ಣು ಮುಚ್ಚಲು ಬರುವುದಿಲ್ಲ. ಮನೆಯಲ್ಲಿ ಗದ್ದಲವೋ ಗದ್ದಲ. ‘ಲಕ್ವ ಹೊಡೆದಿದೆ’ ಎನ್ನುತ್ತಾರೆ ಅಜ್ಜಿ. ‘ರಾತ್ರಿಯಿಡೀ ಬಸ್ಸಿನ ಕಿಟಕಿ ಪಕ್ಕ ಕೂತು ಬಂದ, ಥಂಡಿ ಗಾಳಿ ಬಡಿದಿದೆ’ ಎನ್ನುತ್ತಾರೆ ನೆರೆಮನೆಯವರು.

ಆಸ್ಪತ್ರೆಯಲ್ಲಿ ವೈದ್ಯರು ಅವನಿಗೆ ಹುಬ್ಬು ಎತ್ತಲು ಹೇಳುತ್ತಾರೆ, ಕೆನ್ನೆ ಉಬ್ಬಿಸಲು ಹೇಳುತ್ತಾರೆ, ಹಲ್ಲು ಕಿರಿಯಲು ಹೇಳುತ್ತಾರೆ. ಕಿವಿಯೊಳಗೆ ದೀಪ ಬಿಟ್ಟು ನೋಡುತ್ತಾರೆ. ‘ಇದು ಮುಖದ ನರದ ತೊಂದರೆ. ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ’ ಎಂದು ಧೈರ್ಯ ಹೇಳಿ ಮಾತ್ರೆ ಬರೆಯುತ್ತಾರೆ. ಜೊತೆಗೆ ರಕ್ತಪರೀಕ್ಷೆಯ ಚೀಟಿಯೊಂದನ್ನು ಕೊಡುತ್ತಾರೆ. ಅದರಲ್ಲಿ ಸಕ್ಕರೆಯ ಪರೀಕ್ಷೆಯ ಕೆಳಗೆ ಇನ್ನೊಂದು ಹೆಸರಿದೆ: ಎಚ್.ಐ.ವಿ. ತಂದೆಯ ಮುಖ ಕೆಂಪಾಗುತ್ತದೆ. ‘ನಮ್ಮ ಹುಡುಗ ಅಂಥವನಲ್ಲ. ಬಾಯಿ ಸೊಟ್ಟಗಾಗುವುದಕ್ಕೂ ಆ ಕಾಯಿಲೆಗೂ ಏನು ಸಂಬಂಧ?’

ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಯಾವ ಊರಿನಲ್ಲಾದರೂ ನಡೆಯಬಹುದಾದ ದೃಶ್ಯ. ತಂದೆಯ ಸಿಟ್ಟು ಸರಿಯೋ ತಪ್ಪೋ, ಅವರು ಕೇಳಿದ ಪ್ರಶ್ನೆ ಮಾತ್ರ ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ.

ಏಳನೆಯ ನರ

ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ಅವುಗಳಲ್ಲಿ ಏಳನೆಯ ಜೊತೆಯೇ ಮುಖದ ನರ. ಎಡಕ್ಕೊಂದು, ಬಲಕ್ಕೊಂದು. ನಗುವುದು, ಹುಬ್ಬುಗಂಟಿಕ್ಕುವುದು, ಕಣ್ಣು ಮುಚ್ಚುವುದು, ಊದುವುದು, ಸಿಳ್ಳೆ ಹಾಕುವುದು ಇವೆಲ್ಲ ಇದರ ಅಪ್ಪಣೆಯಿಂದ ನಡೆಯುವ ಕೆಲಸಗಳು. ಇಷ್ಟೇ ಅಲ್ಲ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯನ್ನು ಒಯ್ಯುವುದೂ ಇದೇ ನರ. ಕಣ್ಣೀರಿನ ಗ್ರಂಥಿಗೆ ಸೂಚನೆ ಕೊಡುವುದೂ ಇದೇ. ದೊಡ್ಡ ಸದ್ದಾದಾಗ ಕಿವಿಯೊಳಗಿನ ಪುಟ್ಟ ಮೂಳೆಯನ್ನು ಬಿಗಿಹಿಡಿದು ಸದ್ದನ್ನು ತಗ್ಗಿಸುವ ಸ್ನಾಯುವೊಂದಿದೆ. ಅದೂ ಈ ನರದ ಅಧೀನ. ಆದ್ದರಿಂದಲೇ ಈ ನರ ಕೆಟ್ಟಾಗ ಕೆಲವರಿಗೆ ಊಟ ಸಪ್ಪೆಯೆನಿಸುತ್ತದೆ, ಪಾತ್ರೆ ಬಿದ್ದ ಸದ್ದು ಸಿಡಿಲಿನಂತೆ ಕೇಳಿಸುತ್ತದೆ.

ಈ ನರ ಮಿದುಳಿನ ಕಾಂಡದಿಂದ ಹೊರಟು ಮುಖವನ್ನು ಸೇರುವ ಮೊದಲು ಕಿವಿಯ ಬಳಿಯ ಗಟ್ಟಿ ಮೂಳೆಯೊಳಗಿನ ಸುರಂಗವೊಂದನ್ನು ಹಾಯಬೇಕು. ಸುರಂಗದ ಉದ್ದ ಸುಮಾರು 3 ಸೆಂಟಿಮೀಟರ್. ಅತ್ಯಂತ ಕಿರಿದಾದ ಜಾಗದಲ್ಲಿ ಅದರ ಅಗಲ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ತೊಂದರೆ ಇರುವುದೇ ಇಲ್ಲಿ. ಕೈಗೆ, ಕಾಲಿಗೆ ಹೋಗುವ ನರ ಊದಿಕೊಂಡರೆ ಸುತ್ತ ಮಾಂಸವಿದೆ, ಹಿಗ್ಗಲು ಜಾಗವಿದೆ. ಮೂಳೆಯ ಕೊಳವೆಯೊಳಗೆ ಊದಿಕೊಂಡರೆ ಜಾಗವೆಲ್ಲಿ? ಕಿರಿದಾದ ಕೊಳವೆಯಲ್ಲಿ ತೂರಿಸಿದ ನೂಲಿನ ಹುರಿ ನೀರು ಕುಡಿದು ಉಬ್ಬಿದರೆ ಹೇಗೆ ಕಚ್ಚಿಕೊಳ್ಳುತ್ತದೆಯೋ ಹಾಗೆ ನರವೂ ಸಿಕ್ಕಿಹಾಕಿಕೊಳ್ಳುತ್ತದೆ. ಅದರ ಸಣ್ಣ ರಕ್ತನಾಳಗಳು ಒತ್ತಿಹೋಗುತ್ತವೆ. ಸೂಚನೆಗಳು ಆಚೆಗೆ ದಾಟುವುದಿಲ್ಲ. ಅತ್ತ ಮುಖದ ಸ್ನಾಯುಗಳು ಚೆನ್ನಾಗಿಯೇ ಇರುತ್ತವೆ. ಅಪ್ಪಣೆ ಬಾರದೆ ಸುಮ್ಮನಿರುತ್ತವೆ, ಅಷ್ಟೆ.

ಹತ್ತನೆಯ ಶತಮಾನದ ಆಸುಪಾಸಿನಲ್ಲಿದ್ದ ಪರ್ಷಿಯಾದ ವೈದ್ಯ ಅಲ್ ರಾಝಿ ಈ ತೊಂದರೆಯನ್ನು ಆಗಲೇ ವರ್ಣಿಸಿದ್ದ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಅರ್ದಿತ ಎಂಬ ಹೆಸರಿದೆ. ಆದರೆ ಮುಖದ ಚಲನೆಗೂ ಈ ನರಕ್ಕೂ ಇರುವ ಸಂಬಂಧವನ್ನು ಆಧುನಿಕ ವೈದ್ಯಕೀಯಕ್ಕೆ ಮನವರಿಕೆ ಮಾಡಿಕೊಟ್ಟವನು ಎಡಿನ್‌ಬರೋದಲ್ಲಿ ಹುಟ್ಟಿದ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್. 1821ರಲ್ಲಿ ಆತ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ಬಗ್ಗೆ ಪ್ರಬಂಧ ಮಂಡಿಸಿದ. ಕಾರಣ ಗೊತ್ತಾಗದೆ ಏಕಾಏಕಿ ಬರುವ ಮುಖದ ಪಾರ್ಶ್ವವಾಯುವಿಗೆ ಇಂದಿಗೂ ‘ಬೆಲ್ಸ್ ಪಾಲ್ಸಿ’ ಎಂದೇ ಹೆಸರು.

ಹಣೆ ಹೇಳುವ ಗುಟ್ಟು

ವೈದ್ಯರು ಮೊದಲು ಹುಬ್ಬು ಎತ್ತಲು ಹೇಳಿದ್ದೇಕೆ? ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಗಳಿಂದ ಅಪ್ಪಣೆ ಬರುತ್ತದೆ. ಮಿದುಳಿನ ಒಂದು ಬದಿಯಲ್ಲಿ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದರೆ ಇನ್ನೊಂದು ಬದಿ ಹಣೆಯನ್ನು ನೋಡಿಕೊಳ್ಳುತ್ತದೆ. ಆಗ ಬಾಯಿ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಸುಕ್ಕುಗಟ್ಟುತ್ತದೆ. ಆದರೆ ತೊಂದರೆ ನರದಲ್ಲೇ ಇದ್ದರೆ ಹಣೆಯಿಂದ ಗಲ್ಲದವರೆಗೆ ಅರ್ಧ ಮುಖವೆಲ್ಲ ಸ್ತಬ್ಧ.

ಹಾಗೆಂದು ಮನೆಯಲ್ಲೇ ಕನ್ನಡಿ ಹಿಡಿದು ತೀರ್ಮಾನಿಸುವಂತಿಲ್ಲ. ಮುಖ ಏಕಾಏಕಿ ಸೊಟ್ಟಗಾದರೆ, ಅದರಲ್ಲೂ ಕೈಯೋ ಕಾಲೋ ಸೋತಿದ್ದರೆ, ಮಾತು ತೊದಲುತ್ತಿದ್ದರೆ, ಒಂದು ನಿಮಿಷವನ್ನೂ ಕಳೆಯದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಮಿದುಳಿನ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧಿ ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ನರದ ತೊಂದರೆಯೆಂದು ಖಚಿತವಾದರೂ ವೈದ್ಯರ ಕೆಲಸ ಮುಗಿಯುವುದಿಲ್ಲ. ನರ ಊದಿಕೊಂಡದ್ದೇಕೆ? ಬೆಲ್ಸ್ ಪಾಲ್ಸಿಯಲ್ಲಿ ಬಹುಶಃ ತುಟಿಯ ಮೇಲೆ ಬೊಕ್ಕೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಕಾರಣವೆಂದು ಅನೇಕ ತಜ್ಞರ ಅಭಿಪ್ರಾಯ. 1996ರಲ್ಲಿ ಜಪಾನಿನ ವೈದ್ಯರು ಇಂಥ 14 ರೋಗಿಗಳನ್ನು ಪರೀಕ್ಷಿಸಿದಾಗ 11 ಮಂದಿಯ ನರದ ದ್ರವದಲ್ಲಿ ಈ ವೈರಸ್ಸಿನ ಕುರುಹು ಸಿಕ್ಕಿತು. ಉಳಿದ ಕಾರಣಗಳೂ ಇವೆ. ಕಿವಿ ಸೋರುವ ಕಾಯಿಲೆ, ಕಿವಿಯ ಸುತ್ತ ಏಳುವ ಸರ್ಪಸುತ್ತು, ಕುಷ್ಠ, ಕೆನ್ನೆಯ ಗ್ರಂಥಿಯ ಗೆಡ್ಡೆ, ಪೆಟ್ಟು. ಮಧುಮೇಹಿಗಳಲ್ಲಿ, ಗರ್ಭಿಣಿಯರಲ್ಲಿ ಈ ತೊಂದರೆ ತುಸು ಹೆಚ್ಚು. ಈ ಪಟ್ಟಿಯಲ್ಲಿ ಇರುವ ಇನ್ನೊಂದು ಕಾರಣವೇ ಎಚ್.ಐ.ವಿ.

ವೈರಸ್ಸಿಗೂ ನರಕ್ಕೂ ಏನು ನಂಟು?

ಎಚ್.ಐ.ವಿ. ಎಂದೊಡನೆ ಸೊರಗಿದ ದೇಹದ ಚಿತ್ರ ಎಲ್ಲರ ಕಣ್ಣ ಮುಂದೆ ಬರುತ್ತದೆ. ಅದು ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದ ಮೇಲಿನ ಸ್ಥಿತಿ. ಅದರ ಹೆಸರು ಏಡ್ಸ್. ಸೋಂಕು ತಗುಲಿದ ಮೊದಲ ವಾರಗಳ ಕಥೆಯೇ ಬೇರೆ. ಆಗ ವೈರಸ್ ರಕ್ತದಲ್ಲಿ ಲಕ್ಷಗಟ್ಟಲೆ ವೃದ್ಧಿಯಾಗುತ್ತಿರುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಹಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂಧೆ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳುತ್ತವೆ. ನೋಡುವವರಿಗೆ ಅದು ಫ್ಲೂ ಜ್ವರದಂತೆಯೇ. ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ಹೋಗಿಬಿಡುತ್ತದೆ.

ಈ ವೈರಸ್ ರಕ್ತದಲ್ಲಷ್ಟೇ ಉಳಿಯುವುದಿಲ್ಲ. ಥಾಯ್ಲೆಂಡಿನಲ್ಲಿ ಹೊಸದಾಗಿ ಸೋಂಕು ತಗುಲಿದವರನ್ನು ಪರೀಕ್ಷಿಸಿದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ವರದಿಯಂತೆ, ಸೋಂಕು ತಗುಲಿದ ಅಂದಾಜು ಎಂಟೇ ದಿನಗಳಲ್ಲಿ ವೈರಸ್ ಮಿದುಳನ್ನು ಸುತ್ತುವರಿದ ದ್ರವದಲ್ಲಿ ಕಾಣಿಸಿಕೊಂಡಿತ್ತು. ದೇಹದ ರಕ್ಷಣಾಪಡೆಯೂ ಅದನ್ನು ಬೆನ್ನಟ್ಟಿ ಅಲ್ಲಿಗೆ ನುಗ್ಗುತ್ತದೆ. ಮಿದುಳಿನ ಪೊರೆಗಳಲ್ಲಿ ಉರಿಯೂತ ಉಂಟಾಗುತ್ತದೆ. ಮುಖದ ನರ ಮಿದುಳಿನಿಂದ ಹೊರಟು ಇದೇ ದ್ರವವನ್ನು ಹಾಯ್ದು ಸುರಂಗದ ಬಾಯಿಗೆ ಬರಬೇಕು. ವೈರಸ್ಸೋ, ಅದರ ವಿರುದ್ಧ ಎದ್ದ ದೇಹದ ಸ್ವಂತ ಪ್ರತಿಕ್ರಿಯೆಯೋ ನರವನ್ನು ಕೆರಳಿಸಿದರೆ ನರ ಊದುತ್ತದೆ, ಕಿರಿದಾದ ಸುರಂಗದಲ್ಲಿ ಸಿಕ್ಕಿಕೊಳ್ಳುತ್ತದೆ, ಮುಖ ಸೊಟ್ಟಗಾಗುತ್ತದೆ. ಕೆಲವೊಮ್ಮೆ ಎರಡೂ ಬದಿಯ ನರಗಳು ಒಟ್ಟಿಗೆ ಸೋಲುವುದುಂಟು. ಸಾಮಾನ್ಯ ಬೆಲ್ಸ್ ಪಾಲ್ಸಿಯಲ್ಲಿ ಹಾಗಾಗುವುದು ಬಲು ಅಪರೂಪ. ಆದ್ದರಿಂದ ಎರಡೂ ಬದಿ ಜೋತುಬಿದ್ದ ಮುಖವನ್ನು ಕಂಡರೆ ವೈದ್ಯರು ಬೇರೆ ಕಾರಣಗಳಿಗಾಗಿ ಹುಡುಕಿಯೇ ಹುಡುಕುತ್ತಾರೆ.

ಇದು ಮೊದಲ ವಾರಗಳ ಮಾತು. ಸೋಂಕು ತಗುಲಿ ಕೆಲವು ವರ್ಷಗಳಾದ ಮೇಲೂ, ಬೇರೆ ಯಾವ ಲಕ್ಷಣವೂ ಇಲ್ಲದವರಲ್ಲಿ ಮುಖದ ಪಾರ್ಶ್ವವಾಯು ಬರಬಹುದು. ರೋಗನಿರೋಧಕ ಶಕ್ತಿ ಕುಗ್ಗಿದಾಗ, ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದು ಅಡಗಿ ಕುಳಿತಿದ್ದ ವೈರಸ್ ಮತ್ತೆ ಎದ್ದು ಮುಖದ ನರವನ್ನೇ ಹಿಡಿಯಬಹುದು. ಆಗ ಕಿವಿಯ ಮೇಲೆ ನೋವಿನ ಬೊಕ್ಕೆಗಳೂ ಏಳುತ್ತವೆ. ಇದನ್ನು ಅಮೆರಿಕದ ವೈದ್ಯ ರಾಮ್ಸೆ ಹಂಟ್ 1907ರಲ್ಲಿ ವಿವರಿಸಿದ. ಎಚ್.ಐ.ವಿ. ಇಲ್ಲದವರಿಗೂ ಇದು ಬರುತ್ತದೆ ಎಂಬುದನ್ನು ಮರೆಯಬಾರದು.

ಒಂದು ಲೆಕ್ಕ

ಹಾಗಾದರೆ ಮುಖ ಸೊಟ್ಟಗಾದವರೆಲ್ಲ ಹೆದರಬೇಕೆ? ಖಂಡಿತ ಇಲ್ಲ. ಒಂದು ಸುಲಭ ಲೆಕ್ಕ ಮಾಡಿ ನೋಡಿದರೆ ಇದು ಅರ್ಥವಾಗುತ್ತದೆ. ಶಾಲಾ ಮಕ್ಕಳೂ ಇದನ್ನು ಮಾಡಬಹುದು.

ಯಾವುದೇ ಊರಿನಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 20ರಿಂದ 30 ಮಂದಿಗೆ ಬೆಲ್ಸ್ ಪಾಲ್ಸಿ ಬರುತ್ತದೆ. 25 ಎಂದಿಟ್ಟುಕೊಳ್ಳಿ. ಭಾರತದಲ್ಲಿ ವಯಸ್ಕರ ಪೈಕಿ ಎಚ್.ಐ.ವಿ. ಸೋಂಕಿತರ ಪ್ರಮಾಣ ಸುಮಾರು ಶೇಕಡಾ 0.2, ಅಂದರೆ ಒಂದು ಲಕ್ಷಕ್ಕೆ 200. ಸೋಂಕಿತರಲ್ಲಿ ಮುಖದ ಪಾರ್ಶ್ವವಾಯು ಹತ್ತು ಪಟ್ಟು ಹೆಚ್ಚು ಎಂದು ಕೇವಲ ಲೆಕ್ಕದ ಸಲುವಾಗಿ ಊಹಿಸೋಣ. ಆಗ ಒಂದು ಲಕ್ಷ ಸೋಂಕಿತರಿದ್ದರೆ 250 ಮಂದಿಗೆ ಬರಬೇಕು. ಇರುವುದು 200 ಮಂದಿ. ಆದ್ದರಿಂದ ವರ್ಷಕ್ಕೆ ಅರ್ಧ ಮನುಷ್ಯ, ಅಂದರೆ ಎರಡು ವರ್ಷಕ್ಕೊಬ್ಬ. ಅದೇ ಎರಡು ವರ್ಷಗಳಲ್ಲಿ ಸೋಂಕಿಲ್ಲದ 50 ಮಂದಿಗೆ ಬಾಯಿ ಸೊಟ್ಟಗಾಗಿರುತ್ತದೆ. ಒಟ್ಟು 51 ಮಂದಿಯಲ್ಲಿ ಒಬ್ಬ!

ಈಗ ನೂರಕ್ಕೆ ಹತ್ತು ಮಂದಿಗೆ ಸೋಂಕಿರುವ ನಾಡೊಂದನ್ನು ಊಹಿಸಿಕೊಳ್ಳಿ. ಅಲ್ಲಿ ಒಂದು ಲಕ್ಷದಲ್ಲಿ 10,000 ಸೋಂಕಿತರು. ಅವರಲ್ಲಿ ವರ್ಷಕ್ಕೆ 25 ಮಂದಿಗೆ ಮುಖದ ಪಾರ್ಶ್ವವಾಯು. ಉಳಿದ 90,000 ಮಂದಿಯಲ್ಲಿ 22 ಅಥವಾ 23 ಮಂದಿಗೆ. ಅಲ್ಲಿ ಸೊಟ್ಟ ಮುಖದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸೋಂಕಿತರಾಗಿರುತ್ತಾರೆ. 1980ರ ದಶಕದ ಕೊನೆಗೆ ಮತ್ತು 1990ರ ದಶಕದಲ್ಲಿ ಸೋಂಕು ವಿಪರೀತವಾಗಿದ್ದ ಆಫ್ರಿಕಾದ ಕೆಲವು ದೇಶಗಳ ವೈದ್ಯರು, ಮುಖದ ಪಾರ್ಶ್ವವಾಯುವನ್ನು ಎಚ್.ಐ.ವಿ.ಯ ಮುನ್ಸೂಚನೆಯೆಂದು ಎಚ್ಚರಿಸಿದ್ದು ಈ ಕಾರಣಕ್ಕೆ. ಲಕ್ಷಣ ಒಂದೇ. ಆದರೆ ಅದರ ಅರ್ಥ ಅದನ್ನು ಎಲ್ಲಿ, ಯಾರಲ್ಲಿ ಕಾಣುತ್ತೇವೆ ಎಂಬುದರ ಮೇಲೆ ನಿಂತಿದೆ.

ಈ ಲೆಕ್ಕದಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಸೊಟ್ಟ ಮುಖವನ್ನು ಕಂಡು ಯಾರ ನಡತೆಯ ಬಗೆಗೂ ಪಿಸುಗುಟ್ಟುವುದು ಶುದ್ಧ ಮೂರ್ಖತನ. ನಮ್ಮಲ್ಲಿ ಐವತ್ತರಲ್ಲಿ ನಲವತ್ತೊಂಬತ್ತು ಸಲ ಆ ಪಿಸುಮಾತು ಸುಳ್ಳಾಗುತ್ತದೆ. ಎರಡನೆಯದು, ಸಾಮಾನ್ಯ ವಯಸ್ಕರಲ್ಲಿ ಐನೂರಕ್ಕೆ ಒಂದರಂತೆ ಇರುವ ಸಾಧ್ಯತೆ, ನಮ್ಮ ಊಹೆಯ ಲೆಕ್ಕದ ಪ್ರಕಾರ ಇಲ್ಲಿ ಐವತ್ತಕ್ಕೆ ಒಂದರ ಆಸುಪಾಸಿಗೆ ಏರಿತು. ಕೆಲವೇ ಹನಿ ರಕ್ತದಲ್ಲಿ ಮುಗಿಯುವ ಪರೀಕ್ಷೆಯನ್ನು ವೈದ್ಯರು ಸೂಚಿಸಿದರೆ ಅದಕ್ಕೆ ಕಾರಣವಿದೆ. ಅವರು ಹುಡುಗನ ಗುಣಕ್ಕೆ ಅಂಕ ಹಾಕುತ್ತಿಲ್ಲ, ಪಟ್ಟಿಯಲ್ಲಿರುವ ಕಾರಣಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದಾರೆ. ಅದೇ ಚೀಟಿಯಲ್ಲಿದ್ದ ಸಕ್ಕರೆಯ ಪರೀಕ್ಷೆಗೆ ಯಾರೂ ಸಿಟ್ಟಾಗಲಿಲ್ಲವಲ್ಲ!

ವಾಸಿಯಾಗುವುದೇ ಅಪಾಯ

ಮುಖದ ಪಾರ್ಶ್ವವಾಯುವಿನ ವಿಚಿತ್ರವೆಂದರೆ ಅದು ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ. ಬೆಲ್ಸ್ ಪಾಲ್ಸಿ ಬಂದವರಲ್ಲಿ ಯಾವ ಔಷಧಿಯೂ ಇಲ್ಲದೆ ನೂರಕ್ಕೆ ಸುಮಾರು 70 ಮಂದಿ ಪೂರ್ತಿ ಗುಣಮುಖರಾಗುತ್ತಾರೆ. ನಾಟಿ ಔಷಧಿ, ತಾಯತ, ಮಂತ್ರಗಳಿಗೆಲ್ಲ ಒಳ್ಳೆಯ ಹೆಸರು ಬಂದಿರುವುದು ಈ 70 ಮಂದಿಯಿಂದ. ಸ್ಟಿರಾಯ್ಡ್ ಮಾತ್ರೆ ಬೇಗ ಕೊಟ್ಟರೆ ಫಲ ಇನ್ನೂ ಉತ್ತಮ. ಸ್ಕಾಟ್ಲೆಂಡಿನಲ್ಲಿ 551 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 72 ಗಂಟೆಗಳೊಳಗೆ ಪ್ರೆಡ್ನಿಸೊಲೋನ್ ಆರಂಭಿಸಿದವರ ಪೈಕಿ ಒಂಬತ್ತು ತಿಂಗಳಲ್ಲಿ ನೂರಕ್ಕೆ 94 ಮಂದಿ ಗುಣವಾದರು. ಅದನ್ನು ತೆಗೆದುಕೊಳ್ಳದವರಲ್ಲಿ 82 ಮಂದಿ. ಆದ್ದರಿಂದ ಮೂರು ದಿನದೊಳಗೆ ವೈದ್ಯರನ್ನು ಕಾಣುವುದು ಮುಖ್ಯ. ಸ್ವಂತವಾಗಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಸಲ್ಲದು. ಮುಚ್ಚಲಾಗದ ಕಣ್ಣು ಒಣಗಿ ಹುಣ್ಣಾದರೆ ದೃಷ್ಟಿಗೇ ಕುತ್ತು. ಹಗಲಿನಲ್ಲಿ ವೈದ್ಯರು ಹೇಳಿದ ಹನಿಗಳನ್ನು ಹಾಕುತ್ತಿರಬೇಕು, ರಾತ್ರಿ ರೆಪ್ಪೆಯನ್ನು ಮುಚ್ಚಿ ಮೃದುವಾದ ಪಟ್ಟಿ ಅಂಟಿಸಿ ಮಲಗಬೇಕು.

ಎಚ್.ಐ.ವಿ.ಯ ಆರಂಭದಲ್ಲಿ ಬರುವ ಪಾರ್ಶ್ವವಾಯುವೂ ಬಹುಮಟ್ಟಿಗೆ ಹೀಗೆಯೇ. ಕೆಲವು ವಾರಗಳಲ್ಲಿ ಮುಖ ನೆಟ್ಟಗಾಗುತ್ತದೆ. ಹುಡುಗ ಮತ್ತೆ ನಗುತ್ತಾನೆ. ಮನೆಯವರು ಹರಕೆ ತೀರಿಸುತ್ತಾರೆ. ಪರೀಕ್ಷೆಯ ಚೀಟಿ ಮೂಲೆ ಸೇರುತ್ತದೆ. ‘ಮುಖ ಸರಿಯಾಯಿತಲ್ಲ, ಇನ್ನೇಕೆ ರಕ್ತಪರೀಕ್ಷೆ?’ ಎಂಬ ಮಾತು ಸಹಜ.

ಅಪಾಯವಿರುವುದು ಈ ಸಹಜವಾದ ಮಾತಿನಲ್ಲಿ. ಸೋಂಕು ಇದ್ದದ್ದೇ ಆದರೆ, ಸರಿಯಾದದ್ದು ನರ ಮಾತ್ರ. ವೈರಸ್ ಎಲ್ಲಿಗೂ ಹೋಗಿಲ್ಲ. ಅದು ಇನ್ನು ಎಂಟು ಹತ್ತು ವರ್ಷ ಯಾವ ಸದ್ದೂ ಮಾಡದೆ ರಕ್ಷಣಾ ಕಣಗಳನ್ನು ಒಂದೊಂದಾಗಿ ಮುಗಿಸುತ್ತಾ ಹೋಗಬಹುದು. ಮತ್ತೆ ಲಕ್ಷಣ ಕಾಣಿಸಿಕೊಳ್ಳುವ ಹೊತ್ತಿಗೆ ಅದು ಕ್ಷಯವೋ, ಮಿದುಳಿನ ಸೋಂಕೋ ಆಗಿರುತ್ತದೆ. ಅಷ್ಟರಲ್ಲಿ ಆತನಿಗೆ ಮದುವೆಯಾಗಿ, ಹೆಂಡತಿಗೂ ಸೋಂಕು ದಾಟಿ, ಹುಟ್ಟುವ ಮಗುವಿಗೂ ತಲಪಿರಬಹುದು. ಒಂದು ಬೆಳಿಗ್ಗೆ ಸುರಿದುಹೋದ ಬಾಯಿನೀರು ಮೂವರಿಗೆ ಸಿಕ್ಕಿದ್ದ ಮುನ್ನೆಚ್ಚರಿಕೆಯಾಗಿತ್ತು ಎಂದು ಆಗ ತಿಳಿದು ಫಲವೇನು?

ಅಂದಿಗೂ ಇಂದಿಗೂ

ಪರೀಕ್ಷೆಗೆ ಅಂಜುವುದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. 1981ರಲ್ಲಿ ಅಮೆರಿಕದಲ್ಲಿ ಏಡ್ಸ್ ಮೊದಲು ಗಮನಕ್ಕೆ ಬಂತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ ಸಿನೂಸಿ, ಲುಕ್ ಮಾಂಟಾನ್ಯೆ ಮತ್ತು ಅವರ ಸಂಗಡಿಗರು ವೈರಸ್ಸನ್ನು ಪತ್ತೆ ಮಾಡಿದರು. ಅವರಿಬ್ಬರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದರೆ ಔಷಧಿಯಿರಲಿಲ್ಲ. ಭಾರತಕ್ಕೆ ಈ ಕಾಯಿಲೆ ಬರುವುದೇ ಇಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದರು.

ಆ ನಂಬಿಕೆಯನ್ನು ಮುರಿದವರು ನೆರೆಯ ಮದ್ರಾಸಿನ ಇಬ್ಬರು ಮಹಿಳೆಯರು. ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕೆಂದು ಈ ವಿಷಯವನ್ನೇ ಕೊಟ್ಟರು. ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಅವುಗಳ ದ್ರವವನ್ನು ಮನೆಯ ಫ್ರಿಜ್ಜಿನಲ್ಲಿ ಕಾಪಾಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. 1986ರಲ್ಲಿ ಅಲ್ಲಿ ನಡೆದ ಪರೀಕ್ಷೆಯಲ್ಲಿ ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು. ಸೋಂಕು ಭಾರತಕ್ಕೆ ಬಂದಾಗಿತ್ತು. ಒಬ್ಬ ವಿದ್ಯಾರ್ಥಿನಿ ಅಂಜದೆ ಮಾಡಿದ ಪರೀಕ್ಷೆಯಿಂದ ಇಡೀ ದೇಶ ಎಚ್ಚೆತ್ತುಕೊಂಡಿತು.

1996ರ ಹೊತ್ತಿಗೆ ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂತು. ಅದರ ಬೆಲೆ ವರ್ಷಕ್ಕೆ ಸಾವಿರಾರು ಡಾಲರ್. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದೆ ಬಂದಾಗ ಜಗತ್ತೇ ಬೆರಗಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಆಗ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2015ರಲ್ಲಿ ಪ್ರಕಟವಾದ, 35 ದೇಶಗಳಲ್ಲಿ ನಡೆದ ಅಧ್ಯಯನವೊಂದು, ರೋಗನಿರೋಧಕ ಶಕ್ತಿ ಕುಗ್ಗುವವರೆಗೆ ಕಾಯದೆ ಕೂಡಲೇ ಚಿಕಿತ್ಸೆ ಆರಂಭಿಸಿದರೆ ಗಂಭೀರ ಕಾಯಿಲೆ ಮತ್ತು ಸಾವಿನ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು ತೋರಿಸಿತು. 2017ರಿಂದ ಭಾರತದಲ್ಲೂ ಸೋಂಕು ಖಚಿತವಾದೊಡನೆ ಚಿಕಿತ್ಸೆ ಕೊಡುವ ನೀತಿ ಜಾರಿಯಲ್ಲಿದೆ.

ಇಂದು ಬೇಗ ಪತ್ತೆಯಾದವನು ದಿನಕ್ಕೊಂದು ಮಾತ್ರೆ ನುಂಗುತ್ತಾ ಓದಬಹುದು, ದುಡಿಯಬಹುದು, ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬಾಳಬಹುದು. ಔಷಧಿಯಿಂದ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಚಿಕಿತ್ಸೆಯಿಲ್ಲದ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆಯಿದ್ದರೆ 5ಕ್ಕಿಂತ ಕಡಿಮೆ. ಸೋಂಕನ್ನು ಪೂರ್ತಿ ಕಿತ್ತೊಗೆಯುವ ಔಷಧಿ ಇನ್ನೂ ಬಂದಿಲ್ಲ, ನಿಜ. ಆದರೆ ತಿಳಿದವನಿಗೂ ತಿಳಿಯದವನಿಗೂ ನಡುವೆ ಈಗ ಅಜಗಜಾಂತರವಿದೆ.

ತಂದೆತಾಯಿಗಳಿಗೆ, ವಿದ್ಯಾರ್ಥಿಗಳಿಗೆ

ಪರೀಕ್ಷೆಯ ಬಗ್ಗೆ ಕೆಲವು ಸಂಗತಿಗಳು ತಿಳಿದಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ. ಪರೀಕ್ಷೆಗೆ ಮೊದಲೂ ಆಮೇಲೂ ಸಮಾಲೋಚಕರು ಮಾತನಾಡಿಸುತ್ತಾರೆ. ಒಂದೇ ಪರೀಕ್ಷೆಯನ್ನು ನಂಬಿ ಸೋಂಕಿದೆಯೆಂದು ಹೇಳುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು, ಸೋಂಕಿನ ಕಾರಣಕ್ಕೆ ಶಾಲೆಯಲ್ಲಾಗಲಿ, ಕೆಲಸದಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ತಾರತಮ್ಯ ಮಾಡುವುದು ನಿಷಿದ್ಧ. ಯಾರಿಗೂ ಹೆಸರು ಹೇಳದೆ ಸಂದೇಹ ಕೇಳಬೇಕೆಂದರೆ 1097 ಎಂಬ ಉಚಿತ ದೂರವಾಣಿಯಿದೆ.

ಇನ್ನೊಂದು ಮುಖ್ಯ ಮಾತು. ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ತಯಾರಾಗಲು ಮೂರು ವಾರದಿಂದ ಮೂರು ತಿಂಗಳವರೆಗೆ ಹಿಡಿಯಬಹುದು. ಮುಖದ ಪಾರ್ಶ್ವವಾಯು ಕೆಲವೊಮ್ಮೆ ಪ್ರತಿಕಾಯಗಳಿಗಿಂತ ಮೊದಲೇ ಬಂದುಬಿಡುತ್ತದೆ. ಆಗ ಪರೀಕ್ಷೆಯಲ್ಲಿ ‘ಸೋಂಕಿಲ್ಲ’ ಎಂದು ಬರುತ್ತದೆ. ಸೋಂಕು ತಗುಲುವ ಸಂದರ್ಭ ಇತ್ತೀಚೆಗೆ ಒದಗಿದ್ದರೆ ಅದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ವೈರಸ್ಸನ್ನೇ ಪತ್ತೆ ಮಾಡುವ ಪರೀಕ್ಷೆಯನ್ನೋ, ಕೆಲವು ವಾರಗಳ ನಂತರ ಮರುಪರೀಕ್ಷೆಯನ್ನೋ ಅವರು ಸೂಚಿಸುತ್ತಾರೆ. ಇಂಥ ಮಾತನ್ನು ಮಗ ತಂದೆಯ ಎದುರು ಹೇಳಲಾರ. ಆದ್ದರಿಂದ ವೈದ್ಯರು ‘ನೀವು ಸ್ವಲ್ಪ ಹೊರಗಿರಿ’ ಎಂದರೆ ಹಿರಿಯರು ಅವಮಾನವೆಂದು ತಿಳಿಯದೆ ಎದ್ದುಹೋಗುವುದು ಲೇಸು.

ಎಚ್.ಐ.ವಿ. ಹರಡುವ ದಾರಿಗಳು ನಾಲ್ಕೇ. ಸೋಂಕಿತರೊಡನೆ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರಿಗೆ ಬಳಸಿದ ಸೂಜಿ ಮತ್ತು ಸೋಂಕಿತ ತಾಯಿಯಿಂದ ಮಗುವಿಗೆ. ಒಂದೇ ಬೆಂಚಿನಲ್ಲಿ ಕೂರುವುದರಿಂದ, ಬುತ್ತಿ ಹಂಚಿ ತಿನ್ನುವುದರಿಂದ, ಕೈ ಕುಲುಕುವುದರಿಂದ, ಸೊಳ್ಳೆ ಕಚ್ಚುವುದರಿಂದ ಅದು ಬರುವುದಿಲ್ಲ. ಈ ನಾಲ್ಕು ದಾರಿಗಳಲ್ಲಿ ಮೂರಕ್ಕೆ ಯಾರ ಶೀಲದ ಪ್ರಶ್ನೆಯೂ ಏಳುವುದಿಲ್ಲ. ಮೊದಲನೆಯದರಲ್ಲೂ, ಗಂಡನಿಂದ ಸೋಂಕು ಪಡೆದ ಹೆಂಡತಿಯನ್ನು ಯಾವ ನ್ಯಾಯದಿಂದ ದೂಷಿಸುವುದು? ವೈರಸ್ಸಿಗೆ ಒಳ್ಳೆಯವರು, ಕೆಟ್ಟವರು ಎಂಬ ಭೇದ ತಿಳಿಯದು.

ಇನ್ನು ಆ ತಂದೆಯ ಪ್ರಶ್ನೆ. ಬಾಯಿ ಸೊಟ್ಟಗಾಗುವುದಕ್ಕೂ ಆ ಕಾಯಿಲೆಗೂ ಸಂಬಂಧ ಬಹಳ ಸಲ ಇಲ್ಲ, ಅಪರೂಪಕ್ಕೆ ಇದೆ. ಇದೆಯೋ ಇಲ್ಲವೋ ಎಂಬುದನ್ನು ಮನೆತನ ಹೇಳಲಾರದು, ಕನ್ನಡಿ ಹೇಳಲಾರದು, ಮುಖ ನೆಟ್ಟಗಾದದ್ದೂ ಹೇಳಲಾರದು. ಕೆಲವು ಹನಿ ರಕ್ತ ಹೇಳಬಲ್ಲದು. ‘ಇಲ್ಲ’ ಎಂದು ಬಂದರೆ ಮನಸ್ಸು ನಿರಾಳ. ‘ಇದೆ’ ಎಂದು ಬಂದರೆ, ಮಗನ ಹತ್ತು ವರ್ಷಗಳನ್ನು ತಿಂದುಹಾಕಲಿದ್ದ ಶತ್ರು ಹೊಸ್ತಿಲಲ್ಲೇ ಸಿಕ್ಕಿಬಿದ್ದ ಹಾಗೆ. ಎರಡೂ ಬಗೆಯಲ್ಲಿ ಆ ಚೀಟಿಯಿಂದ ಲಾಭವೇ. ಮಗನ ಹೆಗಲ ಮೇಲೆ ಕೈಯಿಟ್ಟು ‘ನಡಿ, ಪರೀಕ್ಷೆ ಮಾಡಿಸಿಕೊಂಡು ಬರೋಣ, ಏನೇ ಬಂದರೂ ನಾನಿದ್ದೇನೆ’ ಎನ್ನುವ ತಂದೆ ಅವನಿಗೆ ಯಾವ ಮಾತ್ರೆಗೂ ಕಡಿಮೆಯಿಲ್ಲದ ಬಲ ಕೊಟ್ಟಂತೆ.